ಕ್ರೂಸ್ ಹಾಕಿದ ಬೈಕು, ಹಿಂದೆ ಆಕ್ಸಿಜನ್ ಸಿಲಿಂಡರ್

ಗ್ರೂಪಿನ ಅಣ್ಣಂದಿರು, ತಮ್ಮಂದಿರು, ಅಕ್ಕಂದಿರು ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಹತ್ತಿರ ವೆಲ್ಡಿಂಗ್ ಶಾಪ್ ಇಟ್ಟವನು. ಹತ್ತನೆಯ ತತ್ಸಮಾನ ಪರೀಕ್ಷೆ ಪಾಸಾದದ್ದು ನನ್ನ ಮಗಳು ಎಂಟನೇ ಕ್ಲಾಸಿನಲ್ಲಿ ಇರುವಾಗ. ಮೊಬೈಲಿನಲ್ಲಿ ಒಂದೇ ಬೆರಳಿನಲ್ಲಿ ಕುಟ್ಟುದು. ಒತ್ತು, ದೀರ್ಘ ತಪ್ಪಿ ಬಂದರೆ ನೀವೇ ಸರಿ ಮಾಡಿ ಓದಿ, ಬೈಬೇಡಿ, ಕ್ಷಮಿಸಿ.

ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು, ದೊಡ್ಡ ಟೂರಿಂಗ್ ಬೈಕಿಗೆ ಟ್ರೈಲರ್ ಕಟ್ಟಿ ಹೋಗುವಾಗ ಕ್ರೂಸ್ ಕಂಟ್ರೋಲ್ ಹಾಕಬಹುದಾ ಅಂತ. ಕೆಲವರು ಆಗ್ತದೆ ಅಂದ್ರು, ಕೆಲವರು ಮಂಡೆ ಸಮ ಇಲ್ವಾ ಅಂತ ಕೇಳಿದ್ರು. ನನಗೆ ಅದರಲ್ಲಿ ಒಂದು ದಿನದ ಅನುಭವ ಉಂಟು. ಗೊತ್ತಿಲ್ಲದವರಿಗೆ ಹೇಳುದಾದರೆ, ಕ್ರೂಸ್ ಅಂದರೆ ಒಂದು ಬಟನ್. ಬೇಕಾದ ಸ್ಪೀಡಿಗೆ ಬಂದ ಮೇಲೆ ಅದನ್ನು ಒತ್ತಿದರೆ ಎಕ್ಸಿಲೇಟರ್ ಹಿಡಿಯಬೇಕಂತಿಲ್ಲ. ಗಾಡಿ ಅದೇ ಸ್ಪೀಡಿನಲ್ಲಿ ತಾನೇ ಹೋಗ್ತದೆ. ಬ್ರೇಕ್ ಮುಟ್ಟಿದರೆ ಬಿಟ್ಟು ಹೋಗ್ತದೆ.

ಆ ದಿನ ಹರತಾಳ, ಎಲ್ಲ ಬಂದ್. ಯಾರು ಕರೆದದ್ದು, ಎಂತಕ್ಕೆ ಅಂತ ಈಗ ನೆನಪಿಲ್ಲ. ನಮ್ಮ ಕಡೆ ಹರತಾಳದ ಕಾರಣ ನೆನಪಿಡುವವರು ಕಡಿಮೆ, ಲೆಕ್ಕ ಮಾತ್ರ ಎಲ್ಲರಿಗೂ ಗೊತ್ತುಂಟು. ಎರಡು ಚಕ್ರದ ಗಾಡಿಯನ್ನು ಬಿಡ್ತಾರೆ, ನಾಲ್ಕು ಚಕ್ರ ಕಂಡರೆ ಕಲ್ಲು. ಹಾಲು, ಪೇಪರು, ಆಂಬುಲೆನ್ಸಿಗೆ ವಿನಾಯಿತಿ.

ನಾನು ಶಟರ್ ಅರ್ಧ ಎಳೆದು ಒಳಗೆ ಕೆಲಸ ಮಾಡ್ತಿದ್ದೆ. ಜೊತೆಗೆ ಬೈಕಿನ ಯಜಮಾನರು ಇದ್ದರು. ಗಲ್ಫಿನಿಂದ ರಜೆಯಲ್ಲಿ ಬಂದ ಬ್ಯಾರಿ, ನನ್ನಿಂದ ದೊಡ್ಡವರು, ನಾನು ಇಚ್ಚ, ಅಂದರೆ ಅಣ್ಣ, ಅಂತ ಕರೆಯುದು. ಅವರು ನನ್ನನ್ನು ಆಚಾರ್ರೆ ಅನ್ನುದು. ಹಡಗಿನಲ್ಲಿ ಹಾಕಿಸಿ ತಂದ ಬೈಕು ಅದು, ಎಮ್ಮೆಯಷ್ಟು ದೊಡ್ಡದು, ರಿವರ್ಸ್ ಗೇರು ಕೂಡ ಉಂಟು. ಅದರ ಹಿಂದೆ ಟೆಂಟು, ಪಾತ್ರೆ ಹಾಕಿಕೊಂಡು ಕಾಶ್ಮೀರಕ್ಕೆ ಹೋಗಬೇಕು ಅಂತ ಅವರ ಆಸೆ. ಎರಡು ಚಕ್ರದ ಸಣ್ಣ ಟ್ರೈಲರ್ ನಾನೇ ಮಾಡಿದ್ದೆ. ಬೈಕಿನ ಹಿಂದೆ ಒಂದು ಉಕ್ಕಿನ ಗುಂಡು, ಟ್ರೈಲರಿನ ಮೂತಿಯಲ್ಲಿ ಅದಕ್ಕೆ ಕೂರುವ ಬಟ್ಟಲು. ಖಾಲಿ ಟ್ರೈಲರ್ ಕಟ್ಟಿ ಎರಡು ಸುತ್ತು ಹೋಗಿ ನೋಡಿದ್ದು ಬಿಟ್ಟರೆ ಲೋಡು ಹಾಕಿ ನೋಡಿರಲಿಲ್ಲ. ಕಾನೂನು ಎಂತ ಹೇಳ್ತದೆ ಅಂತಲೂ ನಮಗೆ ಸರಿ ಗೊತ್ತಿರಲಿಲ್ಲ.

ಆಗ ಫೋನು ಬಂತು. ಮೀಂಜದ ಒಳಗೆ ಇರುವ ಒಂದು ಮುರಕಲ್ಲಿನ, ಅಂದರೆ ಮನೆ ಕಟ್ಟುವ ಕೆಂಪು ಕಲ್ಲಿನ, ಕೋರೆಯ ಮೇಸ್ತ್ರಿ. ಹರತಾಳಕ್ಕೆ ರಜೆ ಕೊಡದೆ ಅಲ್ಲಿ ಕೆಲಸ ನಡೀತಿತ್ತು.

"ಆಚಾರ್ರೆ, ಕಲ್ಲು ಕೊಯ್ಯುವ ಮೆಷಿನು ಮಗುಚಿತು. ಆಪರೇಟರನ ಕಾಲು ಫ್ರೇಮಿನ ಅಡಿಯಲ್ಲಿ ಉಂಟು. ಗ್ಯಾಸ್ ಕಟ್ಟಿಂಗ್ ತೆಗೊಂಡು ಬನ್ನಿ."

"ಜನ ಸೇರಿ ಎತ್ತಿ ಮಾರಾಯ್ರೆ!"

"ಎತ್ತಿದ್ರೆ ಆಚೆ ಹೊಂಡಕ್ಕೆ ಹೋಗ್ತದೆ, ಕಾಲನ್ನೂ ಎಳ್ಕೊಂಡು ಹೋಗ್ತದೆ. ಫ್ರೇಮ್ ಕೊಯ್ಯಲೇಬೇಕು. ಫಯರ್ ಫೋರ್ಸಿನವರು ಹೊರಟಿದ್ದಾರೆ, ದಾರಿಗೆ ಮರ ಕಡಿದು ಹಾಕಿದ್ದಾರಂತೆ, ಯಾವಾಗ ಮುಟ್ತಾರೋ. ಆಂಬುಲೆನ್ಸ್ ಬಂದು ನಿಂತುಂಟು. ಕಾಲು ಬಿಡಿಸದೆ ಅದು ಎಂತ ಮಾಡುದು?"

ಅವನ ಮಾತಿನ ಹಿಂದೆ ಬೊಬ್ಬೆ ಕೇಳ್ತಿತ್ತು. ಆ ಸ್ವರ ನನಗೆ ಗುರುತು ಉಂಟು. ಆಪರೇಟರ್ ನನ್ನ ಶಾಪಿಗೆ ಬರುವವ. ನಾನು ಪರೀಕ್ಷೆಗೆ ಓದುವಾಗ, "ಆಚಾರ್ರೆ, ಕಾಪಿ ಹೊಡೆಯುವುದಾದ್ರೆ ಕೊಯ್ದ ತಗಡಿನಲ್ಲಿ ಬರ್ಕೊಳ್ಳಿ, ಯಾರೂ ಹಿಡಿಯುದಿಲ್ಲ" ಅಂತ ತಮಾಷೆ ಮಾಡಿದವ. ಆ ಮೆಷಿನಿನ ಫ್ರೇಮ್ ಮಾಡಿದ್ದೂ ನಾನೇ. ಎಲ್ಲಿ ಕೊಯ್ದರೆ ಯಾವುದು ಬೀಳ್ತದೆ ಅಂತ ನನಗೆ ಕಣ್ಣು ಮುಚ್ಚಿದ್ರೂ ಕಾಣ್ತದೆ.

ಜೀಪಿನವನಿಗೆ ಫೋನ್ ಮಾಡಿದೆ. "ಕಳೆದ ಹರತಾಳದಲ್ಲಿ ಗ್ಲಾಸು ಒಡೆದು ನನ್ನ ಕಣ್ಣಿಗೆ ಬಿದ್ದದ್ದು ಮರೆತು ಹೋಯ್ತಾ?" ಅಂತ ಕೇಳಿ ಫೋನು ಇಟ್ಟ. ನಮ್ಮ ಊರಿನ ಆಂಬುಲೆನ್ಸ್ ಮಂಗಳೂರಿಗೆ ಹೋಗಿತ್ತು. ನಾನು ಫೋನು ಹಿಡಿದು ನಿಂತದ್ದು ನೋಡಿ ಇಚ್ಚ ಟ್ರೈಲರಿಗೆ ಕಾಲಿನಲ್ಲಿ ಒಂದು ತಟ್ಟಿದರು.

"ಇದು ಬೈಕಲ್ವಾ ಆಚಾರ್ರೆ? ಬೈಕಿಗೆ ಹರತಾಳ ಇಲ್ಲ. ಹತ್ತಿಸಿ."

ಆಕ್ಸಿಜನ್ ಸಿಲಿಂಡರ್ ಅಂದರೆ ಒಬ್ಬ ಆಳಿನಷ್ಟು ಉದ್ದ, ಆಳಿನಷ್ಟೇ ಭಾರ. ಒಳಗೆ ತುಂಬಾ ಪ್ರೆಶರ್. ಬಿದ್ದು ಅದರ ಕುತ್ತಿಗೆಯ ವಾಲ್ವ್ ಮುರಿದರೆ ಅದು ಸಿಲಿಂಡರ್ ಅಲ್ಲ, ಬಾಣ. ಗೋಡೆ ಒಡೆದು ಹೋದದ್ದು ನಾನು ನೋಡಿದ್ದೇನೆ. ಅದನ್ನು ಬಿಸಿಯ ಹತ್ತಿರ, ಎಣ್ಣೆಯ ಹತ್ತಿರ ಇಡಬಾರದು ಅಂತ ನನಗೆ ಕೆಲಸ ಕಲಿಸಿದವರು ಕಿವಿ ಹಿಂಡಿ ಹೇಳಿದ್ದು. ಬೈಕಿನ ಎರಡು ಸೈಲೆನ್ಸರ್ ಬಿಸಿ ಗಾಳಿ ಬಿಡುದು ಟ್ರೈಲರಿನ ಮೂತಿಗೇ. ಅದಕ್ಕೆ ನಾನು ಸಿಲಿಂಡರನ್ನು ಆದಷ್ಟು ಹಿಂದೆ, ಬಾಲದಲ್ಲಿ ಅಡ್ಡ ಮಲಗಿಸಿ, ಮುಚ್ಚಳ ಬಿಗಿದು, ನೈಲಾನ್ ಹಗ್ಗದಲ್ಲಿ ಕಟ್ಟಿದೆ. ಗ್ಯಾಸಿನ ಸಿಲಿಂಡರ್ ಅದರ ಪಕ್ಕ. ಪೈಪು, ಟಾರ್ಚು, ರೆಗ್ಯುಲೇಟರಿನ ಪೆಟ್ಟಿಗೆ ಎದುರು. ವೆಲ್ಡರನ ಲೆಕ್ಕದಲ್ಲಿ ಅದು ಸರಿ. ಟ್ರೈಲರ್ ಎಳೆಯುವವನ ಲೆಕ್ಕ ಬೇರೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಮೂತಿ ಹಗುರ ಆಗಿ ಒಂದೇ ಕೈಯಲ್ಲಿ ಎತ್ತಿ ಗುಂಡಿಗೆ ಕೂರಿಸ್ಲಿಕ್ಕೆ ಆಯ್ತು. ನಾನು ಅದಕ್ಕೆ ಖುಷಿಪಟ್ಟದ್ದು!

ಕುಂಬಳೆವರೆಗೆ ತಿರುವು ರಸ್ತೆ, ಇಚ್ಚ ನಿಧಾನ ಬಿಟ್ಟರು. ನಾನು ಹಿಂದೆ ಕೂತು ಟ್ರೈಲರನ್ನೇ ನೋಡ್ತಿದ್ದೆ. ಹೈವೇ ಹಿಡಿದ ಮೇಲೆ ಒಂದು ಜಂಕ್ಷನಿನಲ್ಲಿ ಟಯರ್ ಹೊತ್ತಿಸಿ ಏಳೆಂಟು ಜನ ನಿಂತಿದ್ದರು. ಇಚ್ಚ ಬಲಕ್ಕೆ ಜಾಗ ನೋಡಿ ನುಗ್ಗಿಸಿದರು. ಅವರು ಮೊದಲು ಬೈಕಿಗೆ ದಾರಿ ಬಿಟ್ಟರು. ಹಿಂದಿನದ್ದು ಕಂಡ ಕೂಡಲೇ ಒಬ್ಬ ಬೊಬ್ಬೆ ಹಾಕಿದ.

"ನಾಲ್ಕುಂಟು! ಚಕ್ರ ನಾಲ್ಕುಂಟು ಇದಕ್ಕೆ!"

ಮೊದಲನೆಯ ಕಲ್ಲು ನನ್ನ ಹೆಲ್ಮೆಟಿಗೆ ಬಿತ್ತು. ಎರಡನೆಯದು ಇಚ್ಚನ ಬಲಗೈಯ ಮಣಿಕಟ್ಟಿಗೆ. ಎಲುಬಿನ ಶಬ್ದ ನನಗೆ ಕೇಳಿತು. "ಉಮ್ಮಾ" ಅಂದರು, ಬೈಕು ಓಲಾಡಿತು, ಆದರೆ ಬಿಡಲಿಲ್ಲ. ಮೂರನೆಯದು ಟ್ರೈಲರಿನ ತಗಡಿಗೆ ಬಡಿದು ಗಂಟೆಯ ಹಾಗೆ ಶಬ್ದ ಆಯ್ತು. ಆ ತಗಡಿನ ಒಳಗೆ ಎಂತ ಉಂಟು ಅಂತ ಎಸೆದವನಿಗೆ ಗೊತ್ತಿರಲಿಲ್ಲ.

"ಕೈ ತಿರುಗುದಿಲ್ಲ ಆಚಾರ್ರೆ."

"ನಿಲ್ಲಿಸಿ ಇಚ್ಚ."

"ಇಲ್ಲಿ ನಿಲ್ಲಿಸಿದ್ರೆ ನಮ್ಮನ್ನು ಹೂಳ್ಲಿಕ್ಕೆ ಬೇರೆ ಮೆಷಿನು ತರಬೇಕು."

ಹಲ್ಲು ಕಚ್ಚಿ, ಮೊಣಕೈಯಿಂದ ಇಡೀ ಕೈ ಒಟ್ಟಿಗೆ ತಿರುಗಿಸಿ ಎಪ್ಪತ್ತಕ್ಕೆ ತಂದು, ಹೆಬ್ಬೆರಳಿನಲ್ಲಿ ಕ್ರೂಸ್ ಒತ್ತಿದರು. ಕೈ ಹ್ಯಾಂಡಲಿನ ಮೇಲೆ ಸುಮ್ಮನೆ ಇಟ್ಟರು. ಬೈಕು ತಾನೇ ಹೋಯ್ತು.

ನಾನು ಸುಳ್ಳು ಹೇಳುದಿಲ್ಲ, ಸಮ ರಸ್ತೆಯಲ್ಲಿ ಅದು ರೈಲಿನ ಹಾಗೆ ಹೋಯ್ತು. ಇಡೀ ಹೈವೇ ಖಾಲಿ. ಬೇರೆ ದಿನ ಆ ದಾರಿಯಲ್ಲಿ ಕ್ರೂಸ್ ಹಾಕಿದರೆ ಒಂದು ಫರ್ಲಾಂಗಿಗೆ ಮುಂಚೆ ಬಸ್ಸೋ ದನವೋ ಎದುರು ಬರ್ತದೆ. ನನಗೆ ಧೈರ್ಯ ಬಂತು. ಶಿರಿಯ ಸೇತುವೆಯ ಹತ್ತಿರ ಸ್ವಲ್ಪ ಏರು ಬರುವಾಗ ಎಂಜಿನ್ ಒಮ್ಮೆಲೆ ಗುರ್ ಅಂತ ತಾನೇ ಜೋರಾಯ್ತು. ಕ್ರೂಸಿಗೆ ಹಿಂದೆ ಭಾರ ಉಂಟು ಅಂತ ಗೊತ್ತಿಲ್ಲ, ಸ್ಪೀಡು ಇಳಿದದ್ದು ಮಾತ್ರ ಗೊತ್ತು. ಗುಂಡಿನಲ್ಲಿ ಟಕ್ ಅಂತ ಶಬ್ದ ಆಯ್ತು. ಇಳಿಜಾರು ಬರುವಾಗ ಅದೇ ಕ್ರೂಸ್ ಎಂಜಿನನ್ನು ಹಿಡಿದು ನಿಧಾನ ಮಾಡಿತು. ಟ್ರೈಲರಿಗೆ ಅದು ಗೊತ್ತಾಗಲಿಲ್ಲ. ಅದು ಹಿಂದಿನಿಂದ ದೂಡಿತು.

ಬಾಲ ಸಣ್ಣಕ್ಕೆ ಆಡ್ಲಿಕ್ಕೆ ಶುರುವಾಯ್ತು. ಎಡಕ್ಕೆ, ಬಲಕ್ಕೆ. ನಾಯಿ ಬಾಲ ಅಲ್ಲಾಡಿಸಿದ ಹಾಗೆ. ಪ್ರತಿ ಸಲ ಮೊದಲಿಗಿಂತ ಜಾಸ್ತಿ. ನನ್ನ ಸೊಂಟವೇ ಆಚೆ ಈಚೆ ಆಗ್ತಿತ್ತು.

"ಇಚ್ಚ, ಹಿಂದಿನದು ಆಡ್ತದೆ!"

ಇಚ್ಚ ಮಾಡಿದ್ದು ಯಾರಾದ್ರೂ ಮಾಡುವುದೇ, ಕಾಲಿನ ಬ್ರೇಕು ಮೆಟ್ಟಿದರು. ಕ್ರೂಸ್ ಬಿಟ್ಟಿತು, ಎಂಜಿನ್ ಹಿಡಿಯಿತು, ಬ್ರೇಕೂ ಹಿಡಿಯಿತು. ಮೂರೂ ಒಟ್ಟಿಗೆ. ಟ್ರೈಲರ್ ಹಾರಿ ನಮ್ಮ ಬಲಕ್ಕೆ ಬಂತು. ನಾನು ತಿರುಗಿದರೆ ಅದರ ಚಕ್ರ ನನ್ನ ಮೊಣಕಾಲಿನ ಹತ್ತಿರ ಗಾಳಿಯಲ್ಲಿ ತಿರುಗ್ತಾ ಉಂಟು. ಆಮೇಲೆ ಎಡಕ್ಕೆ ಬೀಸಿತು. ಬೈಕಿನ ಹಿಂದಿನ ಚಕ್ರ ಜಾರಿ ನಾವು ಎದುರಿನ ಲೇನಿಗೆ ಹೋದೆವು. ಸಿಲಿಂಡರ್ ತಗಡಿಗೆ ಢಂ ಢಂ ಅಂತ ಒಳಗಿನಿಂದ ಗುದ್ದಿತು, ಒಂದು ಹಗ್ಗ ಕಡಿದು ನನ್ನ ಬೆನ್ನಿಗೆ ಚಾಟಿಯ ಹಾಗೆ ಬಡಿಯಿತು. ಸೇತುವೆ ಕಳೆದ ಕೂಡಲೇ ಇರುವ ಕಲ್ಲುಕಟ್ಟೆ ನಮ್ಮ ಕಡೆಗೇ ಓಡಿ ಬಂದ ಹಾಗೆ ಆಯ್ತು.

ನಾನು ಜೀಪಿನ ಹಿಂದೆ ಕಂಪ್ರೆಸರ್ ಕಟ್ಟಿ ಎಳೆದು ಹೋದವರ ಜೊತೆ ಕೂತವನು. ಬಾಲ ಆಡಿದರೆ ತಡೆಯಬಾರದು, ಎಳೆಯಬೇಕು ಅಂತ ಆ ಡ್ರೈವರ್ ಹೇಳ್ತಿದ್ದ.

"ಬ್ರೇಕ್ ಬಿಡಿ! ಎಳೀರಿ!"

"ಕೈ ಎಲ್ಲಿಂದ ತರ್ಲಿ?"

ಬ್ರೇಕು ಬಿಟ್ಟರು. ಆಮೇಲೆ ಅವರ ಹೆಬ್ಬೆರಳು ಅಲ್ಲಾಡಿದ್ದು ನಾನು ನೋಡಿದೆ. ಬಿಟ್ಟು ಹೋದ ಕ್ರೂಸನ್ನು ಹಳೆಯ ಸ್ಪೀಡಿಗೇ ಪುನಃ ಹಿಡಿಸುವ ಬಟನ್ ಒಂದು ಉಂಟು. ಅದನ್ನು ಒತ್ತಿದರು. ಬೈಕು ತಾನೇ ಮುಂದೆ ಎಳೆಯಿತು. ಟ್ರೈಲರ್ ಇನ್ನೊಂದು ಸಲ ಬೀಸಿತು, ಆಮೇಲೆ ಹಗ್ಗ ಎಳೆದ ಹಾಗೆ ನೇರ ಆಯ್ತು. ಆಡಿಸಿದ್ದೂ ಅದೇ ಕ್ರೂಸ್, ಉಳಿಸಿದ್ದೂ ಅದೇ ಕ್ರೂಸ್. ಯಾರಿಗೆ ಬೈಯುದು?

ಮತ್ತೆ ಬ್ರೇಕು ಮುಟ್ಟದೆ, ಸ್ಪೀಡು ಕಡಿಮೆ ಮಾಡುವ ಬಟನನ್ನು ಹಿಡಿದು ಹಿಡಿದು ಇಳಿಸಿದರು. ಪೂರ ನಿಧಾನ ಆದ ಮೇಲೆ ಬದಿಗೆ ನಿಲ್ಲಿಸಿದೆವು. ಇಚ್ಚ ಇಳಿದು ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಟ್ರೈಲರಿಗೆ ಒಂದು ಸುತ್ತು ಬಂದರು.

"ಹೋಗುವ," ಅಂದರು. "ನಿಧಾನ ಹೋಗುವ. ಅಲ್ಲಿ ಮನುಷ್ಯ ಸಾಯ್ತಾನೆ."

ನಾನು ಟ್ರೈಲರಿನ ಮೂತಿಯನ್ನು ಕೈಯಿಂದ ಎತ್ತಿ ನೋಡಿದೆ. ಗುಂಡಿನ ಮೇಲೆ ಭಾರವೇ ಇಲ್ಲ. ಬಾಲ ಕೆಳಗೆ ಎಳೆದು ಮೂತಿ ಬೈಕಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತಿತ್ತು. ಹಿಂದಿನ ಚಕ್ರಕ್ಕೆ ರಸ್ತೆಯ ಹಿಡಿತ ಎಲ್ಲಿಂದ ಬರ್ಬೇಕು? ಭಾರ ಟ್ರೈಲರಿನ ಚಕ್ರದ ಆಕ್ಸಲಿನಿಂದ ಸ್ವಲ್ಪ ಎದುರು ಇರಬೇಕಿತ್ತು.

"ಇಲ್ಲ ಇಚ್ಚ. ಲೋಡು ತೆಗೆದು ಪುನಃ ಕಟ್ಟಬೇಕು."

"ನಿಮಗೆ ಮರ್ಲ್ ಹಿಡಿದುಂಟಾ? ಎಷ್ಟು ಹೊತ್ತು ಬೇಕು ಅದಕ್ಕೆ!"

"ಉಪ್ಪಳ ಕಳೆದ ಮೇಲೆ ಪೂರ ಏರು ಇಳಿತ. ಹೀಗೇ ಹೋದ್ರೆ ಇದು ನಮ್ಮನ್ನೂ ಕೊಲ್ತದೆ, ದಾರಿಯಲ್ಲಿ ಇದ್ದವರನ್ನೂ ಕೊಲ್ತದೆ."

ನಾನು ಹಗ್ಗ ಬಿಚ್ಚಲಿಕ್ಕೆ ಶುರು ಮಾಡಿದೆ. ಫೋನು ಬಂತು. ಕೈಯಲ್ಲಿ ಸಿಲಿಂಡರ್ ಇದ್ದ ಕಾರಣ ಫೋನಿಗೆ ಸ್ಪೀಕರ್ ಹಾಕಿ ತಗಡಿನ ಮೇಲೆ ಇಟ್ಟೆ.

"ಎಲ್ಲಿ ಮುಟ್ಟಿದ್ರಿ?" ಮೇಸ್ತ್ರಿ.

"ಸೇತುವೆ ಕಳೆದು ನಿಲ್ಲಿಸಿದ್ದೇವೆ. ಲೋಡು ಸರಿ ಮಾಡ್ತಾ ಇದ್ದೇನೆ."

"ಲೋಡಾ? ಇಲ್ಲಿ ಅವನ ಮುಖ ಬಿಳಿಚಿ ಹೋಗಿದೆ! ನೀವು ಅಲ್ಲಿ ಲೋಡು ಸರಿ ಮಾಡುದಾ, ದರಿದ್ರದವ್ರೆ!"

ಅದೇ ಹೊತ್ತಿಗೆ ಎರಡು ಬೈಕಿನಲ್ಲಿ ನಾಲ್ಕು ಜನ ಬಂದು ನಮ್ಮ ಸುತ್ತ ನಿಂತರು. ಕೈಯಲ್ಲಿ ದೊಣ್ಣೆ. ಒಬ್ಬ ಟ್ರೈಲರಿನ ಹಿಂದಿನ ಲೈಟಿಗೆ ಒದ್ದ, ಅದು ಪುಡಿ ಆಯ್ತು.

"ಎಂತ ಇದು? ಎದುರು ಎರಡು, ಹಿಂದೆ ಎರಡು. ಲೆಕ್ಕ ಬರುದಿಲ್ವಾ ನಿಮಗೆ?"

"ಬೈಕು ಇದು," ಅಂದರು ಇಚ್ಚ.

"ಬೈಕಾ? ನನ್ನ ಅಜ್ಜಿಗೂ ಎರಡು ಚಕ್ರ ಹಾಕಿದ್ರೆ ಸ್ಕೂಟರು." ಹೇಳಿದವನೇ ಇಚ್ಚನ ಕಾಲರ್ ಹಿಡಿದ. ಇಚ್ಚ ಎಡಗೈಯಲ್ಲಿ ಒಂದು ಕೊಟ್ಟರು. ಇನ್ನೊಬ್ಬನ ದೊಣ್ಣೆ ನನ್ನ ಭುಜಕ್ಕೆ ಬಿತ್ತು. ನಾನು ಸಿಲಿಂಡರ್ ಬಿಡಲಿಲ್ಲ, ಬಿಟ್ಟರೆ ಎಲ್ಲರೂ ಹೋಗ್ತಿದ್ದೆವು. "ಇದು ಬಿದ್ರೆ ನೀವು ನಾಲ್ಕು ಜನವೂ ಇರುದಿಲ್ಲ ಮಾರಾಯ್ರೆ" ಅಂತ ಮಾತ್ರ ಹೇಳಿದೆ.

ಆಗ ತಗಡಿನ ಮೇಲಿದ್ದ ಫೋನಿನಿಂದ ಆ ಬೊಬ್ಬೆ ಬಂತು. ಮೇಸ್ತ್ರಿ ಇಟ್ಟಿರಲಿಲ್ಲ. ಮನುಷ್ಯನ ಸ್ವರ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಮಧ್ಯ ಮಧ್ಯ "ಅಪ್ಪೆ, ಅಪ್ಪೆ" ಅಂತ ತುಳುವಿನಲ್ಲಿ ತಾಯಿಯನ್ನು ಕರೀತಿದ್ದ. ನನಗೆ ಹೊಡೆದ ದೊಣ್ಣೆಯವ ಫೋನು ಎತ್ತಿ ಕಿವಿಗೆ ಇಟ್ಟ. ಎಲ್ಲಿ, ಯಾರು ಅಂತ ಕೇಳಿದ. ಆಮೇಲೆ ದೊಣ್ಣೆ ಚರಂಡಿಗೆ ಬಿಸಾಡಿ, ಸಿಲಿಂಡರಿನ ಇನ್ನೊಂದು ತುದಿ ಹಿಡಿದ.

"ಎಲ್ಲಿ ಇಡುದು ಹೇಳಿ."

ಆಕ್ಸಿಜನ್ ಆಕ್ಸಲಿನ ಎದುರಿಗೆ ಬಂತು. ಸೈಲೆನ್ಸರಿನ ಕಡೆಗೆ ಗೋಣಿ ನೆನೆಸಿ ಮೂರು ಮಡಿಕೆ ಇಟ್ಟೆವು, ನೀರು ಹತ್ತಿರದ ಮನೆಯ ಬಾವಿಯಿಂದ ಅವರೇ ತಂದರು. ಮೂತಿ ಈಗ ಭಾರ. ಇಬ್ಬರು ಹಿಡಿದು ಗುಂಡಿಗೆ ಕೂರಿಸಿದೆವು, ಬೈಕಿನ ಹಿಂಭಾಗ ಕೆಳಗೆ ಕೂತಿತು. ಇಚ್ಚನ ಕೈಗೆ ತಲೆ ಒರೆಸುವ ಬೈರಾಸು ಸುತ್ತಿ ಹಿಂದೆ ಕೂರಿಸಿದೆ. ನಾನು ಎದುರು ಕೂತೆ. ಅಷ್ಟು ದೊಡ್ಡ ಬೈಕು ನಾನು ಅದಕ್ಕೆ ಮೊದಲು ಬಿಟ್ಟವನಲ್ಲ.

"ಕ್ರೂಸಿನ ಬಟನ್ ಮುಟ್ಬೇಡಿ," ಇಚ್ಚ ಕಿವಿಯಲ್ಲಿ ಹೇಳಿದರು. "ಇಳಿತದಲ್ಲಿ ಗೇರು ಮೊದಲೇ ಇಳಿಸಿ. ಬ್ರೇಕು ಸ್ವಲ್ಪ ಸ್ವಲ್ಪ."

ಆ ನಾಲ್ಕು ಜನರಲ್ಲಿ ಇಬ್ಬರು ಎದುರು ಬೈಕಿನಲ್ಲಿ ಕೈ ಬೀಸ್ತಾ ಹೋದರು. ಉಪ್ಪಳದಲ್ಲಿ ಯಾರೂ ಕಲ್ಲು ಎತ್ತಲಿಲ್ಲ. ಒಳ ರಸ್ತೆಯಲ್ಲಿ ನಲವತ್ತು ದಾಟಲಿಲ್ಲ. ಟ್ರೈಲರ್ ಒಮ್ಮೆಯೂ ಆಡಲಿಲ್ಲ.

ಕೋರೆಯಲ್ಲಿ ಇಳಿದು ನೋಡಿದರೆ ನನಗೆ ಆಪರೇಟರನ ಗುರುತೇ ಸಿಗಲಿಲ್ಲ. ಇಡೀ ಮೈ ಕೆಂಪು ಧೂಳು, ಕಣ್ಣು ಎರಡು ಮಾತ್ರ ಬಿಳಿ. ಮೆಷಿನು ಹೊಂಡದ ಅಂಚಿನಲ್ಲಿ ಒಂದು ಬದಿಗೆ ವಾಲಿ ನಿಂತಿತ್ತು. ಫ್ರೇಮಿನ ಕೆಳಗಿನ ಕಬ್ಬಿಣದ ಆಂಗಲ್ ಅವನ ಮೊಣಕಾಲಿನ ಕೆಳಗೆ ಕೂತು ಬಗ್ಗಿತ್ತು. ಅದರ ಕೆಳಗೆ ಇರುವುದು ಕಾಲು ಅಂತ ಚಪ್ಪಲಿ ನೋಡಿ ತಿಳ್ಕೊಂಡದ್ದು. ಆಂಬುಲೆನ್ಸಿನವರು ರಕ್ತ ನಿಲ್ಲಿಸ್ಲಿಕ್ಕೆ ತೊಡೆಗೆ ಬಿಗಿದು ಕಟ್ಟಿದ್ದರು.

ಮೊದಲು ಮೆಷಿನಿನ ಅಡಿಗೆ ಕಲ್ಲು ಕೊಟ್ಟು, ಅಲ್ಲಿದ್ದ ಚೈನ್ ಬ್ಲಾಕಿನಲ್ಲಿ, ಅಂದರೆ ಭಾರ ಹಿಡಿಯುವ ಚೈನಿನ ರಾಟೆಯಲ್ಲಿ, ಮೇಲಿಂದ ಹಿಡಿಸಿದೆ. ಕೊಯ್ದ ಮೇಲೆ ಅದು ಒಂದು ಇಂಚೂ ಕೆಳಗೆ ಕೂರಬಾರದು. ಪೆಟ್ಟಿಗೆ ತೆರೆದರೆ ಒಂದು ರೆಗ್ಯುಲೇಟರಿನ ಗ್ಲಾಸು ಒಡೆದಿತ್ತು, ಮುಳ್ಳು ಸರಿ ಇತ್ತು. ಸಾಬೂನು ನೀರು ಹಾಕಿ ಲೀಕ್ ನೋಡಿದೆ. ಮೇಸ್ತ್ರಿ, "ಇನ್ನೂ ಎಂತ ನೋಡುದು ನೀವು!" ಅಂತ ನನ್ನ ಕುತ್ತಿಗೆಗೇ ಕೈ ಹಾಕ್ಲಿಕ್ಕೆ ಬಂದ. ಇಚ್ಚ ಅವನನ್ನು ದೂಡಿದರು.

ಕಾಲಿಗೂ ಆಂಗಲಿಗೂ ಮಧ್ಯ ಎರಡು ಬೆರಳು ಹೋಗುವಷ್ಟೂ ಜಾಗ ಇಲ್ಲ. ಒದ್ದೆ ಗೋಣಿ ತುರುಕಿ, ಅದರ ಮೇಲೆ ತಗಡು ಜಾರಿಸಿದೆ. ಇಚ್ಚ ಎಡಗೈಯಲ್ಲಿ ನೀರು ಸುರೀತಾ ನಿಂತರು. ಟಾರ್ಚು ಹೊತ್ತಿಸಿದೆ. ಆಂಗಲ್ ಕೆಂಪಾಗುವಾಗ ಬಿಸಿ ಅದರಲ್ಲೇ ಓಡಿ ಕಾಲಿಗೆ ಮುಟ್ಟಿತು. ಆಪರೇಟರ್ ತಲೆ ಎತ್ತಿ, ತನ್ನನ್ನು ಹಿಡಿದಿದ್ದ ಮೇಸ್ತ್ರಿಯ ಕೈ ಕಚ್ಚಿದ. ಮೇಸ್ತ್ರಿಯ ರಕ್ತ ಅವನ ಗಡ್ಡದಲ್ಲಿ ಇಳೀತಿತ್ತು, ಮೇಸ್ತ್ರಿ ಕೈ ತೆಗೆಯಲಿಲ್ಲ. ಕಿಡಿ ಹಾರಿ ಆಪರೇಟರನ ಎದೆಯ ಮೇಲೆ ಬಿತ್ತು. ಅವ ನನ್ನ ಮುಖಕ್ಕೆ ಮುಷ್ಟಿಯಲ್ಲಿ ಹೊಡೆದ, ಕೆಲಸಕ್ಕೆ ಹಾಕುವ ಕಪ್ಪು ಕನ್ನಡಕ ಹಾರಿತು. ನಾನು ಕನ್ನಡಕ ಇಲ್ಲದೆ, ಕಣ್ಣು ಸಣ್ಣ ಮಾಡಿ ಕೊಯ್ದೆ. ಒಂದು ಬದಿ ಆಯ್ತು. ಇನ್ನೊಂದು ಬದಿಯಲ್ಲಿ ಪೂರ ಕೊಯ್ಯದೆ ಸ್ವಲ್ಪ ಬಿಟ್ಟು, ಸುತ್ತಿಗೆಯಲ್ಲಿ ಹೊಡೆದು ಮುರಿದೆ. ಚೈನು ಕಿರುಗುಟ್ಟಿತು, ಮೆಷಿನು ನಿಂತಿತು.

ಕಾಲು ಹೊರಗೆ ಬಂತು. ನಾನು ಅದನ್ನು ನೋಡಲಿಲ್ಲ.

ಆಂಬುಲೆನ್ಸ್ ಅವನನ್ನು ಮಂಗಳೂರಿಗೆ ಕೊಂಡು ಹೋಯ್ತು, ಅಲ್ಲಿ ಜೀವ ಉಳಿಯಿತು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇಚ್ಚನ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು, ಅವರು ಕಾಶ್ಮೀರಕ್ಕೆ ಹೋಗಲಿಲ್ಲ.

ಸ್ವಲ್ಪ ದಿನ ಕಳೆದು ನಾನು ಆಸ್ಪತ್ರೆಗೆ ಹೋದೆ. ಆಪರೇಟರನ ಅಣ್ಣ ಹೊರಗೆ ವರಾಂಡದಲ್ಲಿ ನಿಲ್ಲಿಸಿ ಕೇಳಿದ, "ನೀವು ಸೇತುವೆ ಹತ್ತಿರ ನಿಲ್ಲಿಸಿದ್ರಂತೆ. ನಿಲ್ಲಿಸದೆ ಅಷ್ಟು ಬೇಗ ಬಂದಿದ್ರೆ ಕಾಲು ಉಳೀತಿತ್ತಾ?" ನಾನು ಡಾಕ್ಟರಲ್ಲಿ ಅದನ್ನೇ ಕೇಳಿದ್ದೆ. ಅವರು, ಹೇಳ್ಲಿಕ್ಕೆ ಆಗುದಿಲ್ಲ, ಮೊದಲೇ ಎಲುಬು ಪುಡಿ ಆಗಿತ್ತು ಅಂದಿದ್ದರು. ಅದನ್ನೇ ಅಣ್ಣನಿಗೆ ಹೇಳಿದೆ. ಅವ ತಲೆ ಅಲ್ಲಾಡಿಸಿದ, ಒಪ್ಪಿದ್ದೋ ಇಲ್ಲವೋ ಗೊತ್ತಾಗಲಿಲ್ಲ.

ಒಳಗೆ ಆಪರೇಟರ್ ನನ್ನನ್ನು ಕಂಡು ಮಂಚದಲ್ಲಿ ಎದ್ದು ಕೂತ.

"ಲೋಡು ಸರಿ ಮಾಡ್ತಾ ಇದ್ದೇನೆ ಅಂತ ನೀವು ಫೋನಿನಲ್ಲಿ ಹೇಳಿದ್ದು ನನಗೆ ಕೇಳಿತ್ತು ಆಚಾರ್ರೆ," ಅಂದ. "ಆಗ ನಿಮ್ಮನ್ನು ಕೊಲ್ಬೇಕು ಅಂತ ಕಂಡಿತು. ಈಗ ಹಾಗೆ ಕಾಣುದಿಲ್ಲ. ಆದ್ರೆ ರಾತ್ರೆ ಕಾಲು ಇಲ್ಲದ ಜಾಗದಲ್ಲಿ ನೋವು ಬರ್ತದಲ್ಲ, ಆಗ ಪುನಃ ಕಾಣ್ತದೆ."

ನಾನು ತಂದದ್ದರಲ್ಲಿ ಒಂದು ಕಿತ್ತಳೆ ಸುಲಿದು ಅವನ ಕೈಯಲ್ಲಿ ಇಟ್ಟೆ. ಅವ ತಿಂದ.

ಕ್ರೂಸಿನ ಬಗ್ಗೆ ಕೇಳಿದವರಿಗೆ ನನ್ನ ಮಾತು ಇಷ್ಟು. ಸಮ ರಸ್ತೆ, ಒಣ ರಸ್ತೆ, ಟ್ರೈಲರಿನ ಭಾರ ಎದುರಿಗೆ ಇದ್ದರೆ ಹಾಕಿ. ಏರು ಇಳಿತ, ತಿರುವು, ಮಳೆ ಇದ್ದರೆ ಬೇಡ. ಬಾಲ ಆಡಿದರೆ ಬ್ರೇಕು ಮೆಟ್ಟಬೇಡಿ.

ನಿಮ್ಮಲ್ಲಿ ಟ್ರೈಲರ್ ಎಳೆದವರು, ಆಂಬುಲೆನ್ಸ್ ಬಿಡುವವರು, ಫಯರ್ ಫೋರ್ಸಿನಲ್ಲಿ ಇರುವವರು ಇದ್ದರೆ ಕೆಳಗೆ ಬರೀರಿ. ಒಬ್ಬ ಅಲ್ಲಿ ಬೊಬ್ಬೆ ಹಾಕುವಾಗ ನೀವು ದಾರಿಯಲ್ಲಿ ಗಾಡಿ ನಿಲ್ಲಿಸಿ ಹಗ್ಗ ಬಿಚ್ಚಿದ್ದುಂಟಾ? ನಾನು ನಿಲ್ಲಿಸಿದ್ದು ಸರಿ ಅಂತಲೇ ನನಗೆ ಕಾಣುದು. ಆದರೆ ಡಾಕ್ಟರು, ಆಪರೇಟರ್, ಅವನ ಅಣ್ಣ ಬಿಟ್ಟರೆ ಬೇರೆ ಯಾರ ಹತ್ತಿರವೂ ನಾನು ಇದನ್ನು ಮಾತಾಡಿದ್ದಿಲ್ಲ. ಅದಕ್ಕೆ ಕೇಳುದು.